ಬರ್ಲಿ, ಬರ್ಲಿ, ಇನ್ನೂ ಬರ್ಲಿ

ನನಗೆ ಒಂದು ಕೆಟ್ಟ ಚಟವಿದೆ. ಬೀಡಿ, ಗುಟ್ಕಾ, ಇಸ್ಪೀಟು ಇಂಥದ್ದೇನಾದರೂ ಆಗಿದ್ದರೆ ಮನೆಯವರು ಬೈದು, ಅತ್ತು, ದೇವರಿಗೆ ಹರಕೆ ಹೊತ್ತು ಹೇಗೋ ಬಿಡಿಸುತ್ತಿದ್ದರು. ನನ್ನದು ಅಂಥದ್ದಲ್ಲ. ಯಾವುದೇ ವಾಹನ ಹಿಂದಕ್ಕೆ ಬರುತ್ತಿರುವುದು ಕಣ್ಣಿಗೆ ಬಿದ್ದರೆ ಸಾಕು, ನನ್ನ ಬಲಗೈ ನನ್ನನ್ನು ಕೇಳದೆ ಮೇಲೇಳುತ್ತದೆ, ಬೆರಳುಗಳು ಗಾಳಿಯನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತವೆ, ಬಾಯಿ 'ಬರ್ಲಿ, ಬರ್ಲಿ' ಎನ್ನತೊಡಗುತ್ತದೆ. ಒಮ್ಮೆ ಮದುವೆ ಮನೆಯಲ್ಲಿ ಊಟಕ್ಕೆ ಕುಳಿತಿದ್ದಾಗ ಹೊರಗೆ ಹಿಂದಕ್ಕೆ ಬರುವ ಗಾಡಿಯ ಸದ್ದು ಕೇಳಿತು. ಎಲೆ ಬಿಟ್ಟು, ತುಪ್ಪದ ಕೈಯಲ್ಲೇ ಓಡಿಹೋಗಿ, ಯಾರದೋ ಟೆಂಪೊಗೆ ದಾರಿ ತೋರಿಸಿ ಬಂದೆ. ಬರುವಷ್ಟರಲ್ಲಿ ನನ್ನ ಎಲೆಯನ್ನು ಎತ್ತಿಬಿಟ್ಟಿದ್ದರು.

ಇಷ್ಟು ದಾರಿ ತೋರಿಸುವ ನಿನಗೆ ಗಾಡಿ ಓಡಿಸಲು ಬರುತ್ತದೆಯೇ ಎಂದು ನೀವು ಕೇಳಬಹುದು. ಬರುವುದಿಲ್ಲ. ಸೈಕಲ್ ಒಂದು ಬರುತ್ತದೆ, ಅದೂ ಹತ್ತುವುದು ಮಾತ್ರ ಚೆನ್ನಾಗಿ ಬರುತ್ತದೆ. ಇಳಿಯಬೇಕಾದಾಗ ಕಾಲೂರಲು ಎಲ್ಲಾದರೂ ಒಂದು ಕಲ್ಲೋ ಕಟ್ಟೆಯೋ ಸಿಗಬೇಕು, ಸಿಗುವವರೆಗೂ ಮುಂದೆ ಹೋಗುತ್ತಿರಬೇಕು. ಕೌಲ್ ಬಜಾರಿನ ನಮ್ಮ ಮನೆಯಿಂದ ಹೊರಟು ಇಳಿಯಲು ಜಾಗ ಸಿಗದೆ ಎರಡು ಸುತ್ತು ಹೆಚ್ಚು ಹೊಡೆದ ದಿನಗಳಿವೆ.

ಚಟಕ್ಕೆ ನನ್ನ ನೌಕರಿಯೂ ಕಾರಣ. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವ ದಾರಿಯಲ್ಲಿ ಒಂದು ಕಾಟಾ ಇದೆ. ಕಾಟಾ ಎಂದರೆ ಲಾರಿಯನ್ನು ಲಾರಿಯಾಗಿಯೇ, ಮೇಲಿನ ಹೊರೆಸಮೇತ ನಿಲ್ಲಿಸಿ ತೂಗುವ ಕಬ್ಬಿಣದ ಹಾಸು. ಪಕ್ಕದಲ್ಲಿ ಗಾಜಿನ ಕಿಟಕಿಯ ಪುಟ್ಟ ಕೋಣೆ, ಕೋಣೆಯಲ್ಲಿ ನಾನು, ನನ್ನ ಮುಂದೆ ಒಂದು ಮೈಕು. ಹಿಂದಿನ ಗಾಲಿ ಹಾಸಿನಿಂದ ಹೊರಗಿದ್ದರೆ 'ಒಂದೀಟು ಮುಂದಕ್ಕ', ಮುಂದಿನ ಗಾಲಿ ಹೊರಗಿದ್ದರೆ 'ಒಂದೀಟು ಹಿಂದಕ್ಕ' ಎಂದು ಹೇಳುವುದೇ ಕೆಲಸ. ಎಷ್ಟೋ ವರ್ಷಗಳಿಂದ ಮೀಸೆಯ ಡ್ರೈವರುಗಳು, ಸರ್ದಾರ್ಜಿಗಳು, ಯಾರ ಮಾತನ್ನೂ ಕೇಳದ ಮಹಾನುಭಾವರು ಎಲ್ಲ ನನ್ನ ಮಾತಿನಂತೆ ಹಿಂದೆ ಮುಂದೆ ಸರಿದಿದ್ದಾರೆ. ಮನೆಯಲ್ಲಿ ನಾನು ಹೇಳಿದರೆ ಬೆಕ್ಕು ಕೂಡ ಜಾಗ ಬಿಟ್ಟು ಏಳುವುದಿಲ್ಲ. ಮನುಷ್ಯನಿಗೆ ತಲೆ ತಿರುಗಲು ಇಷ್ಟು ಸಾಲದೇ. ಡ್ರೈವರುಗಳು ನನ್ನನ್ನು ಕಾಟಾ ಅಣ್ಣ ಎನ್ನುತ್ತಾರೆ.

ಆದರೆ ನನ್ನೊಬ್ಬನನ್ನೇ ಬೈದು ಪ್ರಯೋಜನವಿಲ್ಲ. ಈ ರೋಗ ನಮ್ಮ ಸೀಮೆಗೇ ಹತ್ತಿದೆ. ಬಳ್ಳಾರಿಯ ಯಾವ ಓಣಿಯಲ್ಲಾದರೂ ಒಂದು ಲಾರಿ ಹಿಂದಕ್ಕೆ ಹೊರಳಲಿ, ಮಿರ್ಚಿ ಬಜ್ಜಿ ಕರಿಯುವವನು ಜಾಲರಿ ಬಿಟ್ಟು ಬರುತ್ತಾನೆ, ಜೀನ್ಸ್ ಹೊಲಿಯುವವನು ಮಷೀನು ನಿಲ್ಲಿಸಿ ಬರುತ್ತಾನೆ, ಕ್ಷೌರದಂಗಡಿಯಿಂದ ಅರ್ಧ ಗಡ್ಡದವನು ಬರುತ್ತಾನೆ. ಒಬ್ಬ 'ಬರ್ಲಿ ಬರ್ಲಿ', ಇನ್ನೊಬ್ಬ 'ರಾನೀ ರಾನೀ', ಮತ್ತೊಬ್ಬ 'ಆನೇ ದೋ ಆನೇ ದೋ'. ಕನ್ನಡ, ತೆಲುಗು, ಉರ್ದು ಮೂರೂ ಭಾಷೆಗಳು ಇಷ್ಟು ಒಗ್ಗಟ್ಟಿನಿಂದ ಒಂದೇ ಅರ್ಥವನ್ನು ಹೇಳುವುದು ನಮ್ಮಲ್ಲಿ ಲಾರಿಯ ಹಿಂದೆ ಮಾತ್ರ. ವಿಚಿತ್ರವೇನೆಂದರೆ, 'ಬಾ' ಎನ್ನಲು ಮೂರು ಭಾಷೆಗಳಿವೆ, 'ನಿಲ್ಲು' ಎನ್ನಲು ಯಾರಿಗೂ ಮಾತಿಲ್ಲ. ಡಬ್ಬೆಂದು ಸದ್ದಾದ ಮೇಲೆ ಎಲ್ಲರೂ ಒಟ್ಟಿಗೆ 'ಏ ಏ ಏ' ಎನ್ನುತ್ತಾರೆ. ಆಮೇಲೆ ಬಜ್ಜಿಯವನಿಗೆ ಎಣ್ಣೆ ಸೀಯುತ್ತಿರುವುದು ನೆನಪಾಗುತ್ತದೆ.

ಗಾಡಿ ನಿಲ್ಲಿಸುವ ವಿಷಯದಲ್ಲಿ ನಮಗೆ ಶಿಸ್ತಿಲ್ಲ ಎಂದು ಹೊರಗಿನವರು ಹೇಳುತ್ತಾರೆ. ಶಿಸ್ತಿದೆ, ಅವರಿಗೆ ಕಾಣಿಸುವುದಿಲ್ಲ, ಅಷ್ಟೇ. ನಮ್ಮಲ್ಲಿ ಇರುವುದೇ ಎರಡು ಕಾಲ, ಬೇಸಿಗೆ ಮತ್ತು ಕಡುಬೇಸಿಗೆ. ಹಾಗಾಗಿ ಬಳ್ಳಾರಿಯಲ್ಲಿ ಯಾರೂ ಗಾಡಿಯನ್ನು ಜಾಗ ನೋಡಿ ನಿಲ್ಲಿಸುವುದಿಲ್ಲ, ನೆರಳು ನೋಡಿ ನಿಲ್ಲಿಸುತ್ತಾರೆ. ಬೆಳಿಗ್ಗೆ ಬೇವಿನ ಮರದ ಪಡುವಣಕ್ಕೆ ನಿಂತ ಗಾಡಿಗಳ ಸಾಲು ಸಂಜೆಯ ಹೊತ್ತಿಗೆ ಮೂಡಣಕ್ಕೆ ಬಂದಿರುತ್ತದೆ. ಮಾಲೀಕರು ಬಂದು ಸರಿಸಿದರೆಂದುಕೊಳ್ಳಬೇಡಿ. ಬೈಕಿನ ಹ್ಯಾಂಡಲ್ ಲಾಕ್ ಮಾಡದೆ ಬಿಡುವುದು ಇಲ್ಲಿನ ಸಭ್ಯತೆ. ನಂತರ ಬಂದವನು ಹಿಂದಿನವನ ಬೈಕನ್ನು ಬಿಸಿಲಿಗೆ ತಳ್ಳಿ ತನ್ನದನ್ನು ನೆರಳಿಗೆ ಇಡುವುದು ಅದರ ಮುಂದುವರಿಕೆ. ಲಾಕ್ ಮಾಡಿ ಹೋದವನನ್ನು ಅನುಮಾನದಿಂದ ನೋಡುತ್ತಾರೆ. ಇನ್ನು ಲಾರಿಯವರ ಸಭ್ಯತೆಯೇ ಬೇರೆ. ಎರಡು ಲಾರಿಗಳ ನಡುವೆ ಒಬ್ಬ ಮನುಷ್ಯ ಅಡ್ಡಡ್ಡ ನುಸುಳುವಷ್ಟು ಸಂದು ಬಿಡಬೇಕು. ಮನುಷ್ಯ ಎಂದರೆ ತೆಳ್ಳಗಿನವನು. ಗಾಲಿಗೆ ಕೊಟ್ಟ ಕಲ್ಲನ್ನು ಹೊರಡುವಾಗ ರಸ್ತೆಯ ಪಕ್ಕಕ್ಕೆ ಎತ್ತಿಡಬೇಕು, ಎತ್ತಿಡದವನ ವಂಶವನ್ನು ಮುಂದಿನ ಬೈಕಿನವನು ಉದ್ಧಾರ ಮಾಡುತ್ತಾನೆ.

ಹಿಂದಕ್ಕೆ ಬರುವುದು ಮಾತ್ರ ನಮ್ಮ ಜಾಯಮಾನಕ್ಕೆ ಒಗ್ಗಿದ ವಿದ್ಯೆಯಲ್ಲ. ಮುಂದಿಟ್ಟ ಹೆಜ್ಜೆ ಹಿಂದಿಡಬಾರದು ಎಂದು ಹಿರಿಯರು ಹೇಳಿಬಿಟ್ಟಿದ್ದಾರೆ. ಪಾಪ, ಅವರ ಕೈಲಿ ಲಾರಿ ಇರಲಿಲ್ಲ. ಅವರಲ್ಲಿದ್ದದ್ದು ಎತ್ತಿನ ಬಂಡಿ, ಎತ್ತಿಗೆ ರಿವರ್ಸ್ ಗೇರು ಇಲ್ಲ. ನಮ್ಮ ತಾತ ಬಂಡಿಯನ್ನು ಹಿಂದಕ್ಕೆ ತೆಗೆಯಬೇಕಾದಾಗ ಎತ್ತುಗಳ ಕೊರಳು ಬಿಚ್ಚಿ, ಅವುಗಳನ್ನು ಗೌರವದಿಂದ ಪಕ್ಕಕ್ಕೆ ನಿಲ್ಲಿಸಿ, ತಾವೇ ನೊಗ ಹಿಡಿದು ಹಿಂದಕ್ಕೆ ತಳ್ಳುತ್ತಿದ್ದರಂತೆ. ಹಳೆಯ ವೀರಗಲ್ಲುಗಳನ್ನು ನೋಡಿ, ಅವುಗಳಲ್ಲಿ ಕುದುರೆಗಳೆಲ್ಲ ಮುಂದಕ್ಕೇ ನೆಗೆಯುತ್ತವೆ. ಹಿಂದಕ್ಕೆ ಸರಿದವನಿಗೆ ಕಲ್ಲು ಕೆತ್ತಿಸಿದ ಊರನ್ನು ನಾನಂತೂ ಕಂಡಿಲ್ಲ. ಮರಳಿನಲ್ಲಿ ಆಲಿಕೆಯಂಥ ಗುಂಡಿ ತೋಡಿಕೊಂಡು ಹಿಂದು ಹಿಂದಕ್ಕೇ ನಡೆಯುವ ಒಂದು ಹುಳ ಇದೆಯಲ್ಲ, ಇಡೀ ಬಳ್ಳಾರಿ ಸೀಮೆಯಲ್ಲಿ ಅಪಘಾತವಿಲ್ಲದೆ ರಿವರ್ಸ್ ಹೋಗುವುದು ಅದೊಂದೇ ಎಂದು ನಾನು ಬಹಳ ಕಾಲ ತಿಳಿದಿದ್ದೆ.

ಹಾಗೆ ತಿಳಿದಿದ್ದದ್ದು ನನ್ನ ತಂಗಿ ಹಂಪಮ್ಮ ಲಾರಿ ತರುವವರೆಗೆ.

ಹಂಪಮ್ಮನನ್ನು ದೇಶನೂರಿಗೆ ಕೊಟ್ಟಿದ್ದೇವೆ. ಅವಳ ಗಂಡ ಭತ್ತ ಬೆಳೆಯುವುದರಲ್ಲಿ ಗಟ್ಟಿಗ, ಯಂತ್ರಗಳ ವಿಷಯದಲ್ಲಿ ನನ್ನಂತೆಯೇ ಮುಗ್ಧ. ಮನೆಯ ಟ್ರ್ಯಾಕ್ಟರನ್ನು ಮೊದಲಿನಿಂದಲೂ ಹಂಪಮ್ಮನೇ ಓಡಿಸುತ್ತಿದ್ದಳು. ಟ್ರ್ಯಾಕ್ಟರಿಗೆ ಟ್ರೇಲರು ಕಟ್ಟಿ ಹಿಂದಕ್ಕೆ ತರುವುದು ಎಂಥ ಕಷ್ಟದ ಕೆಲಸ ಎಂದು ಬಲ್ಲವರನ್ನು ಕೇಳಿ; ನೀವು ಎಡಕ್ಕೆ ತಿರುಗಿಸಿದರೆ ಅದು ಬಲಕ್ಕೆ ಹೋಗುತ್ತದೆ. ಹಂಪಮ್ಮ ಗದ್ದೆಯ ಬದುವಿನ ಮೇಲೆ ಅದನ್ನು ಹಿಂದಕ್ಕೆ ತಂದು ಕಣದಲ್ಲಿ ನಿಲ್ಲಿಸಿ, ಇಳಿದು, ಸೆರಗಿನ ಧೂಳು ಕೊಡವಿಕೊಂಡು ಹೋಗುತ್ತಿದ್ದಳು. ಕಳೆದ ವರ್ಷ ಅವಳು ದೊಡ್ಡ ಗಾಡಿಯ ಲೈಸೆನ್ಸು ತೆಗೆದಳು. ಈ ವರ್ಷ ಟ್ರ್ಯಾಕ್ಟರು ಮಾರಿಬಿಟ್ಟು ಹತ್ತು ಗಾಲಿಯ ಲಾರಿ ತಂದಳು.

ಸಿರುಗುಪ್ಪದಲ್ಲಿ ಲಾರಿಗಳಿಗೆ ಕೆಲಸ ಕೊಡುವುದು ಅಕ್ಕಿ ಗಿರಣಿಗಳು. ಅವಳು ಮಾತಾಡಿದ್ದ ಗಿರಣಿಯ ಗೋದಾಮಿಗೆ ಒಂದು ಕಂಬವಿದೆ. ಲಾರಿ ಆ ಕಂಬವನ್ನು ಎಡಕ್ಕೆ ಬಿಟ್ಟು, ಗೋಡೆಯನ್ನು ಬಲಕ್ಕೆ ಬಿಟ್ಟು, ಹಿಂದು ಹಿಂದಕ್ಕೆ ಬಂದು ಬಾಗಿಲಿಗೆ ಹತ್ತಿಕೊಳ್ಳಬೇಕು. ಡ್ರೈವರು ಕೂರುವುದು ಬಲಕ್ಕೆ, ಕಂಬ ಇರುವುದು ಎಡಕ್ಕೆ, ಎಂದರೆ ಕಾಣದ ಕಡೆಗೆ. ಗಿರಣಿಯವರು ಅವಳಿಗೆ ಒಂದು ದಿನ ಗೊತ್ತು ಮಾಡಿ, ಮಧ್ಯಾಹ್ನ ಹನ್ನೆರಡರೊಳಗೆ ಲಾರಿ ತಂದು ಒಂದು ಸಲ ಒಳಗೆ ಹಾಕಿ ತೋರಿಸು ಎಂದಿದ್ದರು. ಕಂಬಕ್ಕೆ ತಾಗದೆ ಹಾಕಿದರೆ ಪಾಳಿಯಲ್ಲಿ ಅವಳ ಲಾರಿಯ ಹೆಸರು ಸೇರುತ್ತದೆ, ತಾಗಿದರೆ ಬೇರೆ ಗಿರಣಿ ನೋಡಿಕೊಳ್ಳಬೇಕು. ಬೇರೆ ಗಿರಣಿಗಳವರು ಆಗಲೇ ನಕ್ಕು ಕಳಿಸಿದ್ದರು. ಟ್ರ್ಯಾಕ್ಟರು ಹೋಗಿತ್ತು. ಹಾಗಾಗಿ ಹಂಪಮ್ಮನ ಮುಂದಿನ ಬಾಳೆಲ್ಲ ಒಂದು ಕಂಬದ ಪಕ್ಕದಲ್ಲಿ ನಿಂತಿತ್ತು ಎನ್ನಬಹುದು.

ಗೊತ್ತಾದ ದಿನ ಬೆಳಿಗ್ಗೆ ಲಾರಿಯ ಪೂಜೆ. ನಮ್ಮ ಮನೆದೇವರು ಹನುಮಪ್ಪ ಕುರುಗೋಡಿನ ಅಂಚಿನಲ್ಲಿ, ಗುಡ್ಡದ ಬುಡದ ಒಂದು ಸಂದಿಯ ಕೊನೆಯಲ್ಲಿದ್ದಾನೆ. ನಾನು ರಜೆ ಹಾಕಿ, ಇಸ್ತ್ರಿ ಅಂಗಿ ತೊಟ್ಟು, ಬಳ್ಳಾರಿಯಿಂದಲೇ ಅವಳ ಪಕ್ಕದಲ್ಲಿ ಕುಳಿತು ಹೋದೆ. ದೇವರ ಮುಖವನ್ನು ಲಾರಿ ನೋಡಬೇಕು, ಲಾರಿಯ ಮುಖವನ್ನು ದೇವರು ನೋಡಬೇಕು ಎಂದು ಪೂಜಾರಿ ತಿಮ್ಮಪ್ಪ ಹಟ ಹಿಡಿದ. ಲಾರಿ ಆ ಸಂದಿಯೊಳಗೆ ಮೂತಿ ತೂರಿಸಿ ಗುಡಿಯ ಕಟ್ಟೆಯ ಮುಂದೆ ನಿಂತಿತು.

ಮೊದಲು ನಿಂಬೆಹಣ್ಣಿನ ಲೆಕ್ಕ ಬಂತು. ಗಾಲಿ ಹತ್ತು, ಆದರೆ ಹಿಂದಿನ ಎಂಟೂ ಜೋಡಿ ಜೋಡಿ. ಗಂಡ ಹೆಂಡತಿ ಒಂದೇ ಎಲೆಯಲ್ಲಿ ಉಂಡರೆ ತಪ್ಪಿಲ್ಲ ಎಂದು ತಿಮ್ಮಪ್ಪ ಜೋಡಿಗೊಂದು ಹಣ್ಣು ಗೊತ್ತು ಮಾಡಿದ. ಮುಂದಿನ ಎರಡು ಗಾಲಿಗೆ ಎರಡು, ಹಿಂದಿನ ನಾಲ್ಕು ಜೋಡಿಗೆ ನಾಲ್ಕು, ಒಟ್ಟು ಆರು ಹಣ್ಣು ಕುಳಿತವು. ಆರತಿಯಾಯಿತು, ಕಾಯಿ ಒಡೆದದ್ದಾಯಿತು. ಹಂಪಮ್ಮ ಹತ್ತಿ ಕುಳಿತು ಇಂಜಿನ್ ಹಚ್ಚಿದಳು. ಆಗ ಎಲ್ಲರಿಗೂ ಒಟ್ಟಿಗೆ ಹೊಳೆಯಿತು: ಲಾರಿಯ ಮುಂದೆ ಕಟ್ಟೆ, ಕಟ್ಟೆಯ ಹಿಂದೆ ದೇವರು, ದೇವರ ಹಿಂದೆ ಗುಡ್ಡ. ಹೊರಡಬೇಕೆಂದರೆ ಹಿಂದಕ್ಕೇ ಹೊರಡಬೇಕು. ಹಿಂದಕ್ಕೆ ಹೊರಟರೆ ನಿಂಬೆಹಣ್ಣು ಒಡೆಯುವುದಿಲ್ಲ.

ಪೂಜೆಯಾದ ಹೊಸ ಲಾರಿಯ ಮೊದಲ ಹೆಜ್ಜೆಯೇ ಹಿಂದಕ್ಕೆ ಎಂದರೆ ಹೇಗೆ ಎಂದು ಹಿರಿಯರೊಬ್ಬರು ಕೇಳಿದರು. ಸಭೆ ಗಂಭೀರವಾಯಿತು. ಹಣ್ಣುಗಳನ್ನು ಗಾಲಿಯ ಹಿಂದಕ್ಕೆ ಇಟ್ಟರೆ ಹಿಂದೆಂಬುದೇ ಮುಂದಾಗುತ್ತದೆ ಎಂದು ಒಬ್ಬರು ಸೂಚಿಸಿದರು. ಹಾಗಾದರೆ ಆರತಿಯನ್ನು ಲಾರಿಯ ಹಿಂಬದಿಗೆ ಎತ್ತಬೇಕಿತ್ತು ಎಂದು ತಿಮ್ಮಪ್ಪ ತಳ್ಳಿಹಾಕಿದ. ಇಂಜಿನ್ ಆರಿಸಿ ಊರವರೆಲ್ಲ ಸೇರಿ ತಳ್ಳಿದರೆ ಲಾರಿ ತಾನಾಗಿ ಹೋದಂತಾಗುವುದಿಲ್ಲವಲ್ಲ ಎಂದು ಮತ್ತೊಬ್ಬರು ಕಾನೂನು ತೆಗೆದರು. ಗಾಳಿ ತುಂಬದೆ ಬ್ರೇಕು ಬಿಡುವುದಿಲ್ಲ, ಇಂಜಿನ್ ಓಡದೆ ಗಾಳಿ ತುಂಬುವುದಿಲ್ಲ ಎಂದು ಹಂಪಮ್ಮ ಮೇಲಿನಿಂದ ಹೇಳಿದಳು. ಹಾಗಾದರೆ ಇಂಜಿನ್ ಓಡಲಿ, ಉಸಿರಾಡುವುದು ಬೇರೆ, ನಡೆಯುವುದು ಬೇರೆ ಎಂದು ಅದಕ್ಕೂ ಉತ್ತರ ಬಂತು. ಅವಳು ಗಡಿಯಾರ ನೋಡಿಕೊಂಡಳು. ಗಂಟೆ ಹತ್ತು ದಾಟಿತ್ತು. ಕುರುಗೋಡಿನಿಂದ ಸಿರುಗುಪ್ಪಕ್ಕೆ ದಾರಿ ಇನ್ನೂ ಬಾಕಿ ಇತ್ತು.

ಆಗ ನನ್ನ ತಲೆಯಲ್ಲಿ ದೀಪ ಹೊತ್ತಿತು. ಗುಡಿಯಿಂದ ಹೊರಗೆ ಬರುವಾಗ ನಾವು ದೇವರಿಗೆ ಬೆನ್ನು ತೋರಿಸುತ್ತೇವೆಯೇ ಎಂದು ಕೇಳಿದೆ. ಕೈ ಮುಗಿದುಕೊಂಡು, ಮುಖ ದೇವರ ಕಡೆಗೇ ಇಟ್ಟು, ನಾಲ್ಕು ಹೆಜ್ಜೆ ಹಿಂದಕ್ಕೇ ನಡೆಯುತ್ತೇವೆ. ಅದು ಮನುಷ್ಯನಿಗೆ ಭಕ್ತಿಯಾದರೆ ಲಾರಿಗೆ ಅಪಶಕುನ ಹೇಗಾದೀತು? ಸಭೆ ತಲೆದೂಗಿತು. ಹಿರಿಯರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಓದಿದೋರು ಓದಿದೋರೇ ಎಂದರು. ತಿಮ್ಮಪ್ಪ ಅದಕ್ಕೆ ಒಂದು ತಿದ್ದುಪಡಿ ಸೇರಿಸಿದ. "ಮದ್ಲು ಒಂದು ಗೇಣು ಮುಂದ ಬಂದು ನಮಸ್ಕಾರ ಮಾಡ್ಲಿ. ನಿಂಬಿಹಣ್ಣು ಒಡೀತಾವು. ಆಮ್ಯಾಗ ಹಿಂದಕ್ಕ ಹೋಗ್ಲಿ." ಕಟ್ಟೆಗೂ ಬಂಪರಿಗೂ ನಡುವೆ ಒಂದು ಮೊಳ ಜಾಗವಿತ್ತು. ಗೇಣು ಬಂದರೆ ಇನ್ನೊಂದು ಗೇಣು ಉಳಿಯುತ್ತದೆ. ಯಾವ ಕಡೆಯಿಂದ ನೋಡಿದರೂ ಒಳ್ಳೆಯ ತೀರ್ಪು.

ತೀರ್ಪಿಗೆ ಮೂಲಪುರುಷ ನಾನೇ ಆದ್ದರಿಂದ ಕೈ ತೋರುವ ಹಕ್ಕು ನನಗೇ ಬಂತು. ಕಟ್ಟೆಯ ಪಕ್ಕದಲ್ಲಿ ನಿಂತೆ. ಹಂಪಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿ, ನಿಂಬೆಹಣ್ಣು ನೋಡಬೇಡ, ಬಂಪರ್ ನೋಡು ಎಂದು ಸ್ಪಷ್ಟವಾಗಿ ಹೇಳಿದಳು. ಕೇಳಿಸಿತು, ತಲೆಯನ್ನೂ ಆಡಿಸಿದೆ. ಆದರೆ ನಾನು ಕಾಟಾದ ಮನುಷ್ಯ. ಲಾರಿ ಎಂದರೆ ನನ್ನ ಕಣ್ಣು ಹೋಗುವುದು ಗಾಲಿಗೆ. ಎಲ್ಲ ಗಾಲಿಗಳೂ ಇರಬೇಕಾದಲ್ಲಿಗೆ ಬಂದವೇ ಎಂಬುದೇ ನನ್ನ ಜನ್ಮದ ಪ್ರಶ್ನೆ. ಬಗ್ಗಿ ಲಾರಿಯ ಕೆಳಗೆ ನೋಡುತ್ತ 'ಬರ್ಲಿ ಬರ್ಲಿ' ಎಂದೆ. ಮುಂದಿನ ಎರಡು ಹಣ್ಣು ಪಟ್ ಪಟ್ ಎಂದವು. ನಡುವಿನ ಎರಡು ಎಂದವು. ಹಿಂದಿನ ಬಲಗಡೆಯದೂ ಎಂದಿತು. ಹಿಂದಿನ ಎಡಗಡೆಯ ಹಣ್ಣು ಮಾತ್ರ ಒಂದಿಷ್ಟು ಮುಂದಕ್ಕೆ ಉರುಳಿ, ಹಾಗೆಯೇ ದುಂಡಗೆ, ಹಳದಿಯಾಗಿ, ಏನೂ ಆಗದವರಂತೆ ಕುಳಿತಿತ್ತು.

ಐದು ಒಡೆದು ಆರನೆಯದು ಉಳಿದರೆ ನಿಮಗೆ ಹೇಗನಿಸುತ್ತಿತ್ತೋ ಗೊತ್ತಿಲ್ಲ. ನನಗೆ ಆ ಕ್ಷಣದಲ್ಲಿ ಜಗತ್ತಿನಲ್ಲಿ ಆ ಹಣ್ಣೊಂದನ್ನು ಬಿಟ್ಟರೆ ಬೇರೇನೂ ಇರಲಿಲ್ಲ. "ಇನ್ನೊಂದೀಟು ಬರ್ಲಿ" ಎಂದೆ. ಹಣ್ಣು ಪಟ್ ಎಂದಿತು. ಅದರ ಜೊತೆಗೇ ಮುಂದೆ ಡಬ್ ಎಂದಿತು.

ನೆರೆದವರೆಲ್ಲ 'ಏ ಏ ಏ' ಎಂದರು. ಹೊಸ ಬಂಪರಿನ ಎಡ ಮೂಲೆ ಒಳಕ್ಕೆ ಮಡಚಿಕೊಂಡಿತ್ತು, ಎಡಗಡೆಯ ದೀಪದ ಗಾಜು ಬಿರುಕು ಬಿಟ್ಟಿತ್ತು. ಕಟ್ಟೆಗೆ ಏನೂ ಆಗಿರಲಿಲ್ಲ. ನೂರಾರು ವರ್ಷಗಳಿಂದ ಗುಡ್ಡದ ಬುಡದಲ್ಲಿ ಕುಳಿತ ಕಲ್ಲು ಅದು. ದೇವರೇ ಕೈಯಾರೆ ಮುಟ್ಟಿದ್ದಾನೆ, ಇನ್ನು ಈ ಲಾರಿಗೆ ಭಯವಿಲ್ಲ ಎಂದು ತಿಮ್ಮಪ್ಪ ಸಮಾಧಾನ ಹೇಳಿದ. ಹಂಪಮ್ಮ ಇಳಿದು ಬಂದು ಮಡಚಿದ ಮೂಲೆಯ ಮೇಲೆ ಒಮ್ಮೆ ಕೈಯಾಡಿಸಿದಳು. ಮತ್ತೆ ಹತ್ತಿ ಕುಳಿತಳು. ಕನ್ನಡಿ ನೋಡಿಕೊಂಡು, ಯಾರ ಕೈಯನ್ನೂ ನೋಡದೆ, ಆ ಸಂದಿಯಿಂದ ಲಾರಿಯನ್ನು ಹಿಂದಕ್ಕೆ ತೆಗೆದಳು. ನಾನು ಹತ್ತಿ ಕುಳಿತ ಮೇಲೆ, ಇನ್ನು ಮೇಲೆ ಯಾರಿಗೂ ಕೈ ತೋರಬೇಡ ಎಂದಷ್ಟೇ ಹೇಳಿದಳು.

ದಾರಿಯುದ್ದಕ್ಕೂ ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತೆ. ಎರಡೂ ಕಡೆ ಭತ್ತದ ಗದ್ದೆಗಳು ಹೋಗುತ್ತಿದ್ದವು. ಒಂದು ಊರಿನ ಹತ್ತಿರ ಒಂದು ಟ್ರ್ಯಾಕ್ಟರು ಹಿಂದಕ್ಕೆ ಬರುತ್ತಿತ್ತು. ನನ್ನ ಬಲಗೈ ತೊಡೆಯ ಕೆಳಗೇ ಒದ್ದಾಡಿತು. ನನಗೆ ನಿಜವಾಗಿ ದುಃಖವಾಗಿತ್ತು. ಅವಳ ಆಯುಷ್ಯದ ದೊಡ್ಡ ದಿನ, ಅವಳ ಲಾರಿಗೆ ಮೊದಲ ಪೆಟ್ಟು, ಅದು ಒಡಹುಟ್ಟಿದ ಅಣ್ಣನಿಂದ, ಅದೂ ಒಂದು ನಿಂಬೆಹಣ್ಣಿಗಾಗಿ. ಹೊಸ ಲಾರಿಯ ಮುಖ ನೋಡಿದ ತಕ್ಷಣ ಗಿರಣಿಯವರು, ಬರುವಾಗಲೇ ಗುದ್ದಿಕೊಂಡು ಬಂದಿದ್ದಾಳೆ ಎನ್ನುವುದಿಲ್ಲವೇ.

ಹಾಗೆಯೇ ಆಯಿತು. ಗಿರಣಿ ಮುಟ್ಟಿದಾಗ ಹನ್ನೆರಡಕ್ಕೆ ಇನ್ನು ಸ್ವಲ್ಪವೇ ಇತ್ತು. ಗೋದಾಮಿನ ಹಮಾಲರ ಮೇಸ್ತ್ರಿ ಹುಸೇನಪ್ಪ ಹೆಗಲ ಮೇಲೆ ಚೀಲದ ತುಂಡು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. ಲಾರಿಯ ಸುತ್ತ ಒಂದು ಸುತ್ತು ಬಂದು, ಮಡಚಿದ ಮೂಲೆಯ ಮುಂದೆ ನಿಂತು, ಬರುವಾಗಲೇ ಗುದ್ದಿಯಾಯಿತೇ ಎಂದು ಬೀಡಿ ಹಚ್ಚಿದ.

ಆ ಕಂಬವನ್ನು ನಾನು ಅಂದು ಮೊದಲ ಸಲ ನೋಡಿದೆ. ಅದರ ಮೂಲಬಣ್ಣ ಯಾವುದೆಂದು ಹೇಳಲಾಗುವುದಿಲ್ಲ. ಸೊಂಟದ ಎತ್ತರದಿಂದ ಎದೆಯ ಎತ್ತರದವರೆಗೆ ಹಸಿರು, ಕಿತ್ತಳೆ, ಕಂದು, ನೀಲಿ, ತಾಗಿಹೋದ ಒಂದೊಂದು ಲಾರಿಯೂ ತನ್ನ ಬಣ್ಣದಲ್ಲಿ ಒಂದೊಂದು ಗೆರೆ ಬರೆದಿತ್ತು. ಕುರುಗೋಡಿನ ಕಡೆ ಹಳೆಯ ಶಾಸನಗಳಿವೆ, ರಾಜರು ಕೊಟ್ಟದ್ದು ಕೊಂಡದ್ದು ಎಲ್ಲ ಬರೆಸಿದ್ದಾರೆ. ತಪ್ಪು ಮಾಡಿದ್ದನ್ನು ಯಾರೂ ಬರೆಸಿಲ್ಲ. ಆ ದೃಷ್ಟಿಯಿಂದ ಈ ಕಂಬ ಹೆಚ್ಚು ಪ್ರಾಮಾಣಿಕವಾದ ಶಾಸನ ಎನಿಸಿತು. ಬೇರೆ ದಿನವಾಗಿದ್ದರೆ ನಿಂತು ಓದುತ್ತಿದ್ದೆ.

ಹಂಪಮ್ಮ ಲಾರಿಯನ್ನು ತಿರುಗಿಸಿ ಹಿಂಬದಿಯನ್ನು ಗೋದಾಮಿನ ಕಡೆಗೆ ಮಾಡಿದಳು. ರಿವರ್ಸ್ ಗೇರಿನ ಸದ್ದು ಕೇಳಿದ್ದೇ ತಡ, ಬೇವಿನ ಮರದ ಕೆಳಗೆ ಚಹಾ ಕುಡಿಯುತ್ತ ಕುಳಿತ ಡ್ರೈವರುಗಳೆಲ್ಲ ಲೋಟ ಇಟ್ಟು ಎದ್ದುಬಂದರು. ಕೆಲವರಿಗೆ ಸಹಾಯ ಮಾಡುವ ಮನಸ್ಸಿತ್ತು, ಕೆಲವರಿಗೆ ಡಬ್ಬೆನ್ನುವುದನ್ನು ಹತ್ತಿರದಿಂದ ಕೇಳುವ ಮನಸ್ಸಿತ್ತು. ಕೈ ಮಾತ್ರ ಎಲ್ಲರೂ ಎತ್ತಿದರು. ಬರ್ಲಿ ಬರ್ಲಿ, ರಾನೀ ರಾನೀ, ಆನೇ ದೋ, ಎಡಕ್ಕ ಹೊಡಿ, ಬಲಕ್ಕ ಮುರಿ. ಒಬ್ಬ ಲಾರಿಯ ಮೈಮೇಲೆ ಎರಡು ಸಲ ತಟ್ಟಿದ, ಎಂದರೆ ಬಾ. ಇನ್ನೊಬ್ಬ ಆ ಕಡೆಯಿಂದ ಒಂದು ಸಲ ತಟ್ಟಿದ, ಎಂದರೆ ನಿಲ್ಲು. ಲಾರಿ ಎರಡು ಮೊಳ ಬಂದು ನಿಂತಿತು, ಮತ್ತೆ ಒಂದು ಮೊಳ ಬಂದು ನಿಂತಿತು.

ಆಮೇಲೆ ಇಂಜಿನ್ ನಿಂತುಬಿಟ್ಟಿತು. ಹಂಪಮ್ಮ ಆರಿಸಿದ್ದಳು. ಕೆಳಗಿಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಲಾರಿಯ ಹಿಂದಿನಿಂದ ಗೋದಾಮಿನ ಬಾಗಿಲವರೆಗೆ ಹಿಮ್ಮಡಿಗೆ ಬೆರಳು ತಾಗಿಸಿ ಹೆಜ್ಜೆಗೆ ಹೆಜ್ಜೆ ಜೋಡಿಸಿ ನಡೆದಳು. ಕಂಬದ ಹತ್ತಿರ ನಿಂತು ನೋಡಿದಳು, ಗೋಡೆಯ ಹತ್ತಿರ ನಿಂತು ನೋಡಿದಳು. ಗುಂಪಿನಲ್ಲಿ ಯಾರೋ, ಅವ್ವ ರಂಗೋಲಿ ಹಾಕಾಕ ಜಾಗ ನೋಡಾಕತ್ತ್ಯಾಳ ಎಂದ. ನಗು ಬಂತು. ಅವಳೂ ಸ್ವಲ್ಪ ನಕ್ಕಳು. ನಕ್ಕು, ಅವರೆಲ್ಲರಿಗೂ ಚಹಾ ಆರಿಹೋಗುತ್ತದೆ ಎಂದು ನೆನಪಿಸಿದಳು. ಆಮೇಲೆ ದೂರದಲ್ಲಿ ಕೈ ಕಟ್ಟಿಕೊಂಡು ನಿಂತಿದ್ದ ನನ್ನ ಕಡೆ ತಿರುಗಿದಳು.

"ಅಣ್ಣಾ, ಕಂಬದ ಹತ್ರ ನೀ ನಿಂದ್ರು ಬಾ."

ನಾನು ಒಂದು ಹೆಜ್ಜೆ ಹಿಂದಕ್ಕೆ ಸರಿದೆ. ಹುಸೇನಪ್ಪನಿಗೆ ಏನೋ ಅನುಮಾನ ಬಂತು. ಬಂಪರ್ ಗುದ್ದಿಸಿದ್ದು ಯಾರು ಎಂದು ಕೇಳಿದ. ಸುಳ್ಳು ಹೇಳುವುದಕ್ಕೆ ನನಗೆ ನಾಲಗೆ ಬರಲಿಲ್ಲ, ನಾನೇ ಎಂದೆ. ಮೂರು ಭಾಷೆಗಳಲ್ಲೂ ನಗು ಎದ್ದಿತು. ಹುಸೇನಪ್ಪ ಮಾತ್ರ ನಗಲಿಲ್ಲ, ಬೀಡಿ ಬಿಸಾಕಿ ಹಂಪಮ್ಮನ ಮುಂದೆ ಬಂದ.

"ಯವ್ವಾ, ಇಷ್ಟು ಮಂದಿ ಡ್ರೈವರ್ ಅದಾರ. ಮುಂಜಾನಿ ಗುದ್ದಿಸಿದೋನ್ನ ಕರೀತಿಯಲ್ಲ?"

"ಅದಕ್ಕ ಕರೀತೀನ್ರಿ ಮೇಸ್ತ್ರಿ" ಎಂದಳು ಹಂಪಮ್ಮ. "ಇವ್ರಿಗೆಲ್ಲ ಧೈರ್ಯ ಐತಿ. ಲಾರಿ ನಂದು, ಧೈರ್ಯ ಅವ್ರದು. ನಮ್ಮಣ್ಣಗ ಇವತ್ತು ಅಂಜಿಕಿ ಐತಿ. ನಂಗ ಅದು ಬೇಕು."

ನಾನು ಹೋಗಿ ಕಂಬದ ಪಕ್ಕ, ಅವಳ ಎಡಗನ್ನಡಿಯಲ್ಲಿ ಕಾಣುವಂತೆ ನಿಂತೆ. ಹತ್ತುವ ಮೊದಲು ಅವಳು ಇನ್ನೊಂದು ಮಾತು ಹೇಳಿದಳು. "ಬಾ ಅನ್ನಬ್ಯಾಡ. ಬರೋದು ನಂಗ ಗೊತ್ತೈತಿ. ಸಾಕು ಅನ್ನೋದಷ್ಟ ನಿನ್ನ ಕೆಲಸ."

ನನ್ನ ಜೀವಮಾನದಲ್ಲಿ ಒಂದು ಲಾರಿಯ ಹಿಂದೆ ನಾನು ಬಾಯಿ ಮುಚ್ಚಿಕೊಂಡು ನಿಂತದ್ದು ಅದೇ ಮೊದಲು. ಬಾಯಿ ಮುಚ್ಚಿದರೆ ಕಣ್ಣು ಎಷ್ಟು ತೆರೆಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಲಾರಿಯ ಹಿಂಬದಿ ಬೆಳೆಯುತ್ತ ಬೆಳೆಯುತ್ತ ಆಕಾಶವನ್ನು ಮುಚ್ಚಿತು. ಕಂಬಕ್ಕೂ ಲಾರಿಗೂ ನಡುವಿನ ಸಂದು ಕಾಣಿಸಿತು, ಸಂದಿನಲ್ಲಿ ಬಿಸಿಲಿನ ಗೆರೆ ಕಾಣಿಸಿತು. ಗೆರೆ ಅಂಗೈಯಗಲವಾಯಿತು, ನಾಲ್ಕು ಬೆರಳಾಯಿತು, ನಾಲ್ಕು ಬೆರಳಿನಲ್ಲೇ ನಿಂತು ಹಾಗೇ ಲಾರಿಯ ಉದ್ದಕ್ಕೂ ಸಾಗಿತು. ಅವಳು ಎಷ್ಟು ನೇರವಾಗಿ ತರುತ್ತಿದ್ದಳೆಂದರೆ ಕಂಬಕ್ಕೂ ಬೇಸರವಾಗಿರಬೇಕು. ನನ್ನ ಬಲಗೈ ಎರಡು ಸಲ ಏಳಲು ನೋಡಿತು, ಎಡಗೈಯಿಂದ ಹಿಡಿದುಕೊಂಡೆ. ಲಾರಿ ಕಂಬ ದಾಟಿತು. ಇನ್ನು ಉಳಿದದ್ದು ಗೋದಾಮಿನ ಬಾಗಿಲು ಮಾತ್ರ. ಅದು ಹತ್ತಿರವಾಗುತ್ತಿದ್ದಂತೆ ನನಗೆ ಕಟ್ಟೆ ಕಂಡಿತು, ಹನುಮಪ್ಪ ಕಂಡ, ಡಬ್ ಎಂಬ ಸದ್ದು ಇನ್ನೂ ಆಗದೆಯೇ ಕಿವಿಯಲ್ಲಿ ಕೇಳಿಸಿತು.

"ಸಾಕು" ಎಂದು ಕೂಗಿದೆ. ಗಿರಣಿಯ ಒಳಗಿನ ಯಂತ್ರದ ಸದ್ದಿನ ಮೇಲೆಯೂ ಕೇಳಿಸುವಂತೆ ಕೂಗಿದೆ.

ಲಾರಿ ತಟ್ಟನೆ ನಿಂತಿತು. ಧೂಳು ಇಳಿದ ಮೇಲೆ ಎಲ್ಲರೂ ಬಂದು ನೋಡಿದರು. ಕಂಬದ ಮೇಲೆ ಹೊಸ ಬಣ್ಣ ಇರಲಿಲ್ಲ, ಗೋಡೆಗೆ ಏನೂ ಆಗಿರಲಿಲ್ಲ. ಆದರೆ ಲಾರಿಯ ಹಿಂಬದಿಗೂ ಗೋದಾಮಿನ ಬಾಗಿಲಿಗೂ ನಡುವೆ ಒಬ್ಬ ಮನುಷ್ಯ ಉದ್ದಕ್ಕೆ ಮಲಗಿ ಹೊರಳಾಡಬಹುದಾದಷ್ಟು ಜಾಗ ಬಿದ್ದಿತ್ತು. ಇನ್ನಷ್ಟು ಹಿಂದಕ್ಕೆ ಬರಲಿ ಎಂದು ಹುಸೇನಪ್ಪ ಕೈ ಬೀಸಿದ. ಹಂಪಮ್ಮ ಕಿಟಕಿಯಿಂದ ನನ್ನ ಮುಖ ನೋಡಿದಳು. ನಾನು ಬೇಡವೆಂದು ತಲೆ ಅಲ್ಲಾಡಿಸಿದೆ. ಅವಳು ಇಂಜಿನ್ ಆರಿಸಿ ಇಳಿದೇ ಬಿಟ್ಟಳು.

ಬಂದ ಲಾರಿ ಖಾಲಿ ಹೋಗುವುದು ಬೇಡವೆಂದು ಅಂದೇ ಅದಕ್ಕೆ ಅಕ್ಕಿ ತುಂಬಿಸಿದರು. ಹಮಾಲರು ಪ್ರತಿ ಚೀಲವನ್ನೂ ಹೊತ್ತು ನಾಲ್ಕು ಹೆಜ್ಜೆ ಹೆಚ್ಚು ನಡೆದರು. ಹೋಗುವಾಗ ನಾಲ್ಕು, ಬರುವಾಗ ನಾಲ್ಕು. ಪ್ರತಿ ನಾಲ್ಕನೆಯ ಹೆಜ್ಜೆಗೂ ನನ್ನ ಕಡೆ ನೋಡಿ, ನಮ್ಮ ಸೀಮೆಯ ಮೂರೂ ಭಾಷೆಗಳ ಬೈಗುಳಗಳನ್ನು ಸರದಿಯ ಮೇಲೆ ಬಳಸಿದರು. ನಾನು ಬೇವಿನ ನೆರಳಿನಲ್ಲಿ ಕುಳಿತು ಎಲ್ಲವನ್ನೂ ಕೇಳಿಸಿಕೊಂಡೆ. ಅಷ್ಟು ಸುಖವಾಗಿ ನಾನು ಯಾವ ಹೊಗಳಿಕೆಯನ್ನೂ ಕೇಳಿಲ್ಲ.

ಸಂಜೆ ಹೊರಡುವ ಹೊತ್ತಿಗೆ ಹುಸೇನಪ್ಪ ಹೆಗಲ ಚೀಲ ಕೊಡವುತ್ತ ಬಂದ. ನಾಳೆ ಬೆಳಿಗ್ಗೆಯಿಂದ ಪಾಳಿಯಲ್ಲಿ ಹಂಪಮ್ಮನ ಲಾರಿ ಇರುತ್ತದೆ ಎಂದು ತಿಳಿಸಿದ. ಆಮೇಲೆ ನನ್ನ ಕಡೆ ಗದ್ದ ತೋರಿಸಿ, ಈ ಅಣ್ಣನನ್ನು ಮಾತ್ರ ಇನ್ನೊಮ್ಮೆ ಕರೆತರಬೇಡ, ನಮ್ಮ ಹುಡುಗರ ಕಾಲು ಬಿದ್ದುಹೋದವು ಎಂದ.

ಹಂಪಮ್ಮ ಲಾರಿಯ ಬಾಗಿಲು ಹಾಕಿಕೊಂಡು, ಕಿಟಕಿಯಿಂದ ಗೋದಾಮಿನ ಕಡೆ ಕೈ ತೋರಿಸಿದಳು.

"ಕರಕೊಂಡು ಬರಬೇಕೋ ಬ್ಯಾಡೋ, ನಿಮ್ಮ ಕಂಬಕ್ಕ ಒಂದು ಮಾತು ಕೇಳಿ ಹೇಳ್ರಿ."